ತೂಕಡಿಕೆ ಹಿಡಿಯುವ ಕ್ಯಾಮೆರಾ: ಉತ್ತರ ಕನ್ನಡದ ಚಾಲಕರು ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರ, ಅಂಕೋಲಾ, ಕುಮಟಾ, ಶಿರಸಿ, ಯಲ್ಲಾಪುರದ ರಸ್ತೆಗಳಲ್ಲಿ ಹೊತ್ತಲ್ಲದ ಹೊತ್ತಲ್ಲಿ ಗಾಡಿ ಓಡಿಸುವವರಿಗಾಗಿ ಈ ಪುಟ. ಮೀನು ಲಾರಿಯವರು, ಅಡಿಕೆ ಲೋಡ್ ಒಯ್ಯುವವರು, ಗೋಕರ್ಣ, ಮುರ್ಡೇಶ್ವರಕ್ಕೆ ಬಾಡಿಗೆ ಹೋಗುವವರು, ಹಬ್ಬಕ್ಕೆ ಬೆಂಗಳೂರಿನಿಂದ ಊರಿಗೆ ಬರುವವರು ಕೇಳುವ ಪ್ರಶ್ನೆಗಳನ್ನು ಒಟ್ಟು ಮಾಡಿದ್ದೇನೆ. ಕೆಲವಕ್ಕೆ ಉತ್ತರ ಉದ್ದ, ಕೆಲವಕ್ಕೆ ಎರಡೇ ಸಾಲು.

ಈ ಸಾಧನ ಮಾಡುವುದಾದರೂ ಏನು?

ಚಾಲಕನಿಗೆ ನಿದ್ದೆ ಎಳೆಯುತ್ತಿದೆಯೇ ಎಂದು ಗಮನಿಸುತ್ತದೆ. ಎಳೆಯುತ್ತಿದ್ದರೆ ಕೂಗುತ್ತದೆ, ಇಲ್ಲವೇ ಸೀಟು ನಡುಗಿಸುತ್ತದೆ. ಸಾಮಾನ್ಯವಾಗಿ ಅಲ್ಲಿಗೆ ಅದರ ಕೆಲಸ ಮುಗಿಯಿತು. ನಾವು ಹೊರಗಿನಿಂದ ತಂದು ಹಾಕಿಸುವ ಸಾಧನ ಬ್ರೇಕ್ ಒತ್ತುವುದಿಲ್ಲ, ಸ್ಟೇರಿಂಗ್ ಹಿಡಿಯುವುದಿಲ್ಲ.

ಗಮನಿಸುವ ದಾರಿ ಎರಡು. ಮುಖದ ಮುಂದೆ ಚಿಕ್ಕ ಕ್ಯಾಮೆರಾ ಇಟ್ಟು ಕಣ್ಣು, ಬಾಯಿ, ತಲೆ ನೋಡುವುದು ಒಂದು. ಕ್ಯಾಮೆರಾ ಇಲ್ಲದೆ, ನೀವು ಸ್ಟೇರಿಂಗ್ ತಿರುಗಿಸುವ ರೀತಿಯಿಂದಲೇ ಊಹಿಸುವುದು ಇನ್ನೊಂದು. ಬಯಲುಸೀಮೆಯ ನೇರ ರಸ್ತೆಯಲ್ಲಿ ಎರಡೂ ನಡೆಯುತ್ತವೆ. ಘಟ್ಟ ಹತ್ತಿ ಇಳಿಯುವ ನಮಗೆ ಎರಡರ ನಡುವಿನ ವ್ಯತ್ಯಾಸ ದೊಡ್ಡದು.

ಕತ್ತಲಲ್ಲಿ ಕ್ಯಾಮೆರಾಕ್ಕೆ ನನ್ನ ಕಣ್ಣು ಹೇಗೆ ಕಾಣುತ್ತದೆ? ಕ್ಯಾಬಿನ್ ಲೈಟ್ ಹಾಕಿಕೊಂಡೇ ಓಡಿಸಬೇಕಾ?

ಬೇಡ. ಕ್ಯಾಮೆರಾದ ಪಕ್ಕದಲ್ಲೇ ಇನ್‌ಫ್ರಾರೆಡ್ ಎಲ್‌ಇಡಿಗಳು ಇರುತ್ತವೆ. ಆ ಬೆಳಕು ನಿಮ್ಮ ಮುಖದ ಮೇಲೆ ಬೀಳುತ್ತದೆ, ನಿಮಗೆ ಕಾಣುವುದಿಲ್ಲ, ಕ್ಯಾಮೆರಾಕ್ಕೆ ಕಾಣುತ್ತದೆ. ಟಿವಿ ರಿಮೋಟಿನಿಂದ ಬರುವುದೂ ಇದೇ ಜಾತಿಯ ಬೆಳಕು. ಹೆಚ್ಚಿನವು 940 ನ್ಯಾನೋಮೀಟರಿನವು. 850 ನ್ಯಾನೋಮೀಟರಿನವಾದರೆ ಎಲ್‌ಇಡಿ ಸಣ್ಣಗೆ ಕೆಂಪಗೆ ಕಾಣುತ್ತದೆ. ಕೆಲವರಿಗೆ ರಾತ್ರಿ ಅದೇ ಕಿರಿಕಿರಿ. ಕೊಳ್ಳುವ ಮೊದಲು ಕೇಳಿ.

ಕಣ್ಣು ಮಿಟುಕಿಸಿದ್ದಕ್ಕೂ ತೂಕಡಿಸಿದ್ದಕ್ಕೂ ಅದಕ್ಕೆ ವ್ಯತ್ಯಾಸ ಗೊತ್ತಾಗುತ್ತಾ?

ಗೊತ್ತಾಗುತ್ತದೆ. ಸಾಮಾನ್ಯವಾಗಿ ಮಿಟುಕಿಸಲು 0.1ರಿಂದ 0.4 ಸೆಕೆಂಡ್ ಸಾಕು. ನಿದ್ದೆ ಬರುವಾಗ ರೆಪ್ಪೆ ನಿಧಾನ ಇಳಿಯುತ್ತದೆ, ಇನ್ನೂ ನಿಧಾನ ಏಳುತ್ತದೆ. ಸಾಫ್ಟ್‌ವೇರು ಕಣ್ಣಿನ ಸುತ್ತ ಕೆಲವು ಬಿಂದು ಗುರುತಿಸಿ, ಕಣ್ಣಿನ ಎತ್ತರವನ್ನು ಅಗಲದ ಜೊತೆ ಹೋಲಿಸುತ್ತಾ ಇರುತ್ತದೆ. ಕಣ್ಣು ತೆರೆದಿದ್ದಾಗ ಒಂದು ಅಂಕೆ ಬರುತ್ತದೆ. ಮುಚ್ಚುತ್ತಾ ಬಂದ ಹಾಗೆ ಅದು ಸೊನ್ನೆಯ ಕಡೆ ಇಳಿಯುತ್ತದೆ.

ಇದರಿಂದ ಬರುವ ಒಂದು ಲೆಕ್ಕಕ್ಕೆ 'ಪರ್ಕ್ಲೋಸ್' ಎನ್ನುತ್ತಾರೆ. ಒಂದು ನಿಮಿಷದಲ್ಲಿ ಎಷ್ಟು ಹೊತ್ತು ನಿಮ್ಮ ಕಣ್ಣು 80 ಪರ್ಸೆಂಟಿಗಿಂತ ಜಾಸ್ತಿ ಮುಚ್ಚಿತ್ತು ಎಂಬ ಲೆಕ್ಕ ಅದು. 1990ರ ದಶಕದಲ್ಲಿ ಅಮೆರಿಕದಲ್ಲಿ ಚಾಲಕರ ಮೇಲೆ ನಡೆದ ಅಧ್ಯಯನಗಳಿಂದ ಬಂದದ್ದು. ಇಂದಿಗೂ ಕ್ಯಾಮೆರಾ ಸಾಧನಗಳ ಬೆನ್ನೆಲುಬು ಇದೇ. ಮಿಟುಕಿಸಿದರೆ ಈ ಅಂಕೆ ಏರುವುದಿಲ್ಲ. ರೆಪ್ಪೆ ಭಾರವಾದರೆ ಏರುತ್ತದೆ.

ಇದರ ಜೊತೆಗೆ ಆಕಳಿಕೆ, ತಲೆ ಮುಂದಕ್ಕೆ ಬೀಳುವುದು, ನೋಟ ಒಂದೇ ಕಡೆ ನೆಟ್ಟು ನಿಲ್ಲುವುದು ಇವನ್ನೂ ಸೇರಿಸಿಕೊಳ್ಳುತ್ತವೆ. ಕಣ್ಣು ತೆರೆದೇ ಮಂಪರಿಗೆ ಜಾರುವವರೂ ಇದ್ದಾರೆ. ಅಂಥವರನ್ನು ಕಣ್ಣಿನ ಲೆಕ್ಕವೊಂದರಿಂದಲೇ ಹಿಡಿಯುವುದು ಕಷ್ಟ.

ಎರಡು ಸೆಕೆಂಡ್ ಕಣ್ಣು ಹೋದರೆ ಏನು ಮಹಾ?

ಗಂಟೆಗೆ 80 ಕಿ.ಮೀ. ವೇಗದಲ್ಲಿ ಗಾಡಿ ಸೆಕೆಂಡಿಗೆ 22 ಮೀಟರ್ ಓಡುತ್ತದೆ. ನಾಲ್ಕು ಸೆಕೆಂಡ್ ಜೋಂಪು ಹತ್ತಿದರೆ ಸುಮಾರು 90 ಮೀಟರ್. ಅಷ್ಟು ದೂರ ಸ್ಟೇರಿಂಗ್ ಹಿಂದೆ ಯಾರೂ ಇಲ್ಲ. ಹೆದ್ದಾರಿ 66ರಲ್ಲಿ ಡಿವೈಡರ್ ತೆರೆದಿರುವ ಜಾಗ, ಅಲ್ಲೇ ರಸ್ತೆ ದಾಟುವ ಜನ, ದನ, ಸ್ಕೂಟರ್ ನೆನಪಿಸಿಕೊಳ್ಳಿ. ಇಂಥ ಚುಟುಕು ನಿದ್ದೆ ಬಂದದ್ದು ಎಷ್ಟೋ ಸಲ ಬಂದವನಿಗೇ ಗೊತ್ತಿರುವುದಿಲ್ಲ. 'ನಂಗೆ ನಿದ್ದೆ ಬಂದೇ ಇಲ್ಲ' ಎನ್ನುವವರು ಸುಳ್ಳು ಹೇಳುತ್ತಿರುವುದಿಲ್ಲ.

ನನ್ನ ಕಾರಲ್ಲಿ ಕಾಫಿ ಕಪ್ಪಿನ ಚಿತ್ರ ಬರುತ್ತೆ. ಆದರೆ ಮುಖದ ಮುಂದೆ ಕ್ಯಾಮೆರಾನೇ ಇಲ್ಲ. ಅದಕ್ಕೆ ಹೇಗೆ ಗೊತ್ತು?

ಅದು ಎರಡನೇ ಜಾತಿಯದ್ದು. ಎಚ್ಚರವಿರುವ ಚಾಲಕ ನೇರ ರಸ್ತೆಯಲ್ಲೂ ಸ್ಟೇರಿಂಗನ್ನು ಸಣ್ಣಗೆ ಆಚೀಚೆ ತಿದ್ದುತ್ತಲೇ ಇರುತ್ತಾನೆ. ಮಂಪರು ಬಂದಾಗ ಕೈ ಸುಮ್ಮನಾಗುತ್ತದೆ, ಗಾಡಿ ಸ್ವಲ್ಪ ಸರಿಯುತ್ತದೆ, ಆಮೇಲೆ ಥಟ್ಟನೆ ಒಂದು ಎಳೆತ. ಈ ಮಾದರಿಯನ್ನು ಸ್ಟೇರಿಂಗ್ ಸೆನ್ಸರ್ ಹಿಡಿಯುತ್ತದೆ. ಎಷ್ಟು ಹೊತ್ತಿನಿಂದ ಓಡಿಸುತ್ತಿದ್ದೀರಿ, ಈಗ ಗಂಟೆ ಎಷ್ಟು ಎಂಬುದನ್ನೂ ಕೆಲವು ಸೇರಿಸುತ್ತವೆ. ಮರ್ಸಿಡಿಸ್ 2009ರಲ್ಲಿ 'ಅಟೆನ್ಷನ್ ಅಸಿಸ್ಟ್' ಎಂದು ತಂದದ್ದು ಇದನ್ನೇ. ನಮ್ಮಲ್ಲಿ ಮಹೀಂದ್ರಾ ಎಕ್ಸ್‌ಯುವಿ 700ರ ಮೇಲಿನ ಮಾದರಿಗಳಲ್ಲಿ ತೂಕಡಿಕೆ ಎಚ್ಚರಿಕೆ ಇದೆ. ಹುಂಡೈ, ಕಿಯಾದ ಕೆಲವು ಕಾರುಗಳಲ್ಲಿ 'ಡ್ರೈವರ್ ಅಟೆನ್ಷನ್ ವಾರ್ನಿಂಗ್' ಎಂಬ ಹೆಸರಲ್ಲಿ ಇದರ ಹತ್ತಿರದ್ದು ಸಿಗುತ್ತದೆ. ಅವು ಮುಂದಿನ ಗಾಜಿನ ಕ್ಯಾಮೆರಾದಿಂದ ರಸ್ತೆಯ ಗೆರೆಯನ್ನೂ ನೋಡುತ್ತವೆ.

ಕ್ಯಾಮೆರಾದ ದಾರಿಯೂ ಹೊಸತಲ್ಲ. ಟೊಯೊಟಾ 2006ರಲ್ಲೇ ಲೆಕ್ಸಸ್ ಕಾರಿನ ಸ್ಟೇರಿಂಗ್ ಕಂಬದ ಮೇಲೆ ಚಾಲಕನ ಮುಖ ನೋಡುವ ಕ್ಯಾಮೆರಾ ಕೂರಿಸಿತ್ತು. ಮಹೀಂದ್ರಾದ ಹೊಸ ವಿದ್ಯುತ್ ಕಾರುಗಳಲ್ಲಿ, ಟಾಟಾದ ಪ್ರೈಮಾ, ಸಿಗ್ನಾ ಲಾರಿಗಳ ಕೆಲವು ಮಾದರಿಗಳಲ್ಲಿ ಕಂಪನಿಯೇ ಇಂಥ ವ್ಯವಸ್ಥೆ ಕೊಡುತ್ತಿದೆ.

ಘಟ್ಟದಲ್ಲಿ ಇದು ಕೆಲಸ ಮಾಡುತ್ತಾ?

ಸ್ಟೇರಿಂಗ್ ನೋಡುವ ಸಾಧನ ಘಟ್ಟದಲ್ಲಿ ಹೆಚ್ಚುಕಡಿಮೆ ನಿದ್ದೆಯಲ್ಲೇ ಇರುತ್ತದೆ. ಕಾರಣ ಸರಳ. ಇವನ್ನು ವೇಗದ ಹೆದ್ದಾರಿಗೆಂದು ಮಾಡಿದ್ದಾರೆ. ಮರ್ಸಿಡಿಸ್‌ನದ್ದು ಮೊದಲು ಬಂದಾಗ 80 ಕಿ.ಮೀ. ದಾಟಿದ ಮೇಲೆ ಮಾತ್ರ ಕಣ್ಣು ಬಿಡುತ್ತಿತ್ತು. ಯುರೋಪಿನ ನಿಯಮ ಕೇಳುವುದೂ 70 ಕಿ.ಮೀ. ಮೇಲಿನ ವೇಗಕ್ಕೆ. ದೇವಿಮನೆಯಲ್ಲೋ ಅರಬೈಲಿನಲ್ಲೋ ಲೋಡ್ ಲಾರಿ 70ರಲ್ಲಿ ಹೋದರೆ ತೂಕಡಿಕೆಯ ಪ್ರಶ್ನೆಯೇ ಬರುವುದಿಲ್ಲ, ಅದಕ್ಕೂ ಮೊದಲೇ ಕಥೆ ಮುಗಿದಿರುತ್ತದೆ. ಜೊತೆಗೆ, ತಿರುವಿನ ಮೇಲೆ ತಿರುವು ಇರುವಲ್ಲಿ ಸ್ಟೇರಿಂಗ್ ಆಡುತ್ತಲೇ ಇರುವುದರಿಂದ ಮಂಪರಿನ ಎಳೆತ ಯಾವುದು, ತಿರುವಿನ ಎಳೆತ ಯಾವುದು ಎಂದು ಬಿಡಿಸುವುದು ಕಷ್ಟ.

ರಸ್ತೆಯ ಬಿಳಿ ಗೆರೆ ನೋಡಿ ಎಚ್ಚರಿಸುವವೂ ನಮ್ಮಲ್ಲಿ ಸೋಲುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟದಲ್ಲಿ ಗೆರೆ ಎಲ್ಲಿ ಕಾಣುತ್ತದೆ? ಮಳೆ, ಮಂಜು, ಹರಿಯುವ ಕೆಂಪು ನೀರು.

ಮುಖ ನೋಡುವ ಕ್ಯಾಮೆರಾ ಪರವಾಗಿಲ್ಲ. ಅದಕ್ಕೆ ರಸ್ತೆಯ ಹಂಗಿಲ್ಲ. ಆದರೆ ಅದಕ್ಕೂ ಒಂದು ತೊಂದರೆ ಇದೆ. ಹೇರ್‌ಪಿನ್ ತಿರುವಿನಲ್ಲಿ ಒಳ್ಳೆ ಚಾಲಕ ಬಾನೆಟ್ ಮುಂದೆ ನೋಡುವುದಿಲ್ಲ, ಕುತ್ತಿಗೆ ತಿರುಗಿಸಿ ಮೇಲಿನಿಂದ ಬರುವ ಗಾಡಿಯ ಲೈಟ್ ಹುಡುಕುತ್ತಾನೆ. ಕ್ಯಾಮೆರಾ ಅದನ್ನು 'ಗಮನ ಬೇರೆ ಕಡೆ' ಎಂದುಕೊಂಡು ಕೂಗುತ್ತದೆ. ಹಾಕಿಸುವಾಗಲೇ ಗಮನದ ಎಚ್ಚರಿಕೆಯ ಸಮಯ ಸ್ವಲ್ಪ ಜಾಸ್ತಿ ಇಡಿಸಿ, ಕಣ್ಣು ಮುಚ್ಚುವ ಎಚ್ಚರಿಕೆಯನ್ನು ಮಾತ್ರ ಬಿಗಿಯಾಗಿಯೇ ಇರಲು ಬಿಡಿ. ಎರಡೂ ಬೇರೆ ಬೇರೆ ಸೆಟ್ಟಿಂಗ್.

ಇನ್ನೊಂದು ಮಾತು. ಘಟ್ಟದ ತಿರುವುಗಳಲ್ಲಿ ನಿದ್ದೆ ಬರುವುದು ಕಡಿಮೆ, ಮೈಯೆಲ್ಲ ಎಚ್ಚರ ಇರುತ್ತದೆ. ಕಣ್ಣು ಎಳೆಯುವುದು ಘಟ್ಟ ಇಳಿದ ಮೇಲೆ. ದೇವಿಮನೆ ಇಳಿದು ಕತಗಾಲ ದಾಟಿದಾಗ, ಅರಬೈಲ್ ಇಳಿದು ರಾಮನಗುಳಿ, ಸುಂಕಸಾಳದ ಕಡೆ ಬಂದಾಗ 'ಅಬ್ಬಾ, ಮುಗೀತು' ಅನಿಸುತ್ತದೆ. ಬಿಗಿ ಹಿಡಿದ ಮೈ ಸಡಿಲವಾಗುತ್ತದೆ. ರಸ್ತೆ ನೇರವಾಗುತ್ತದೆ, ಗಾಳಿ ಬೆಚ್ಚಗಾಗುತ್ತದೆ, ವೇಗ ಏರುತ್ತದೆ. ರಾತ್ರಿ ಒಂಬತ್ತಕ್ಕೆ ಬೆಂಗಳೂರು ಬಿಟ್ಟವರು ಇಲ್ಲಿಗೆ ಬರುವುದು ಬೆಳಗಿನ ಜಾವ ನಾಲ್ಕು, ಐದರ ಹೊತ್ತಿಗೆ. ದೇಹಕ್ಕೆ ಅತಿ ಜಾಸ್ತಿ ನಿದ್ದೆ ಬೇಕೆನಿಸುವ ಹೊತ್ತು ರಾತ್ರಿ ಎರಡರಿಂದ ಐದರವರೆಗೆ. ಎಲ್ಲ ಒಟ್ಟಿಗೇ ಕೂಡಿ ಬರುತ್ತದೆ. ಕ್ಯಾಮೆರಾ ತನ್ನ ಬೆಲೆ ತೀರಿಸುವ ಜಾಗ ಇದೇ.

ಕನ್ನಡಕ ಹಾಕುತ್ತೇನೆ. ತೊಂದರೆಯೇ?

ನಂಬರಿನ ಕನ್ನಡಕಕ್ಕೆ ಸಾಮಾನ್ಯವಾಗಿ ತೊಂದರೆ ಇಲ್ಲ. ಗಾಜಿನ ಮೇಲೆ ಎಲ್‌ಇಡಿಯ ಹೊಳಪು ಸರಿಯಾಗಿ ಕಣ್ಣಿನ ಮೇಲೇ ಬಿದ್ದರೆ ಕ್ಯಾಮೆರಾವನ್ನು ಸ್ವಲ್ಪ ಪಕ್ಕಕ್ಕೆ ಸರಿಸಬೇಕು. ಕೂಲಿಂಗ್ ಗ್ಲಾಸಿನಲ್ಲಿ ಎರಡು ಬಗೆ. ಹಲವು ಕಪ್ಪು ಗಾಜುಗಳು ಇನ್‌ಫ್ರಾರೆಡ್ಡನ್ನು ಒಳಗೆ ಬಿಡುತ್ತವೆ, ಕೆಲವು ಪೂರ್ತಿ ತಡೆಯುತ್ತವೆ. ನಿಮ್ಮದನ್ನೇ ಹಾಕಿಕೊಂಡು ಅಂಗಡಿಯಲ್ಲೇ ನೋಡಿ. ಚಳಿಗೆ ಮಂಕಿ ಟೋಪಿ, ತಲೆಗೆ ಟವೆಲ್ ಇದ್ದರೆ ಅಡ್ಡಿಯಿಲ್ಲ, ಹುಬ್ಬಿನ ಕೆಳಗೆ ಇಳಿಯಬಾರದು ಅಷ್ಟೇ. ಹುಟ್ಟಾ ಕಣ್ಣು ಸಣ್ಣಗಿರುವವರಿಗೆ ಅಗ್ಗದ ಸಾಧನಗಳು ಸುಮ್ನೆ ಕೂಗುತ್ತವೆ. ಒಳ್ಳೆಯವು ಮೊದಲ ಕೆಲವು ನಿಮಿಷ ನಿಮ್ಮ ಕಣ್ಣಿನ ಅಳತೆ ಕಲಿತುಕೊಳ್ಳುತ್ತವೆ.

ಸಂಜೆ ಸಮುದ್ರದ ಕಡೆಯಿಂದ ಬಿಸಿಲು ಹೊಡೆಯುವಾಗ, ಸುರಂಗದೊಳಗೆ ಹೋಗುವಾಗ?

ಕಾರವಾರ, ಬಿಣಗಾ ನಡುವಿನ ಸುರಂಗಕ್ಕೆ ಬಿಸಿಲಿನಿಂದ ನುಗ್ಗಿದಾಗ ಕ್ಯಾಮೆರಾಕ್ಕೂ ಒಂದೆರಡು ಸೆಕೆಂಡ್ ಕಣ್ಣು ಕಟ್ಟುತ್ತದೆ, ನಿಮ್ಮ ಹಾಗೇ. ಸಂಜೆ ಬಿಸಿಲಿಗೆ ನೀವು ಕಣ್ಣು ಕಿರಿದು ಮಾಡಿದರೆ ಅದನ್ನೇ ತೂಕಡಿಕೆ ಎಂದುಕೊಳ್ಳಬಹುದು. ಸನ್ ವೈಸರ್ ಇಳಿಸಿಕೊಳ್ಳಿ, ಸಾಕು.

ಕ್ಯಾಮೆರಾ ಸುಮ್ನೆ ಸುಮ್ನೆ ಕೂಗುತ್ತದೆ ಅಂತ ನಮ್ಮ ಡ್ರೈವರ್ ಅದರ ಮೇಲೆ ಟವೆಲ್ ಹಾಕುತ್ತಾನೆ.

ಅವನ ತಪ್ಪಿಲ್ಲ. ಹತ್ತು ಸಲ ಸುಳ್ಳು ಕೂಗಿದ ಮೇಲೆ ಹನ್ನೊಂದನೇ ಸಲವನ್ನು ಯಾರು ನಂಬುತ್ತಾರೆ? ಸುಳ್ಳು ಕೂಗಿಗೆ ಕಾರಣ ಹೆಚ್ಚಾಗಿ ಕ್ಯಾಮೆರಾ ಕೂರಿಸಿದ ಕೋನ. ಡ್ಯಾಶ್‌ಬೋರ್ಡಿನ ಮೇಲೆ, ಮೀಟರಿನ ಹಿಂದೆ ಅಥವಾ ಮುಂದಿನ ಗಾಜಿನ ಬಲಗಡೆಯ ಕಂಬದ ಮೇಲೆ, ಮುಖಕ್ಕೆ ನೇರವಾಗಿ, ಸ್ವಲ್ಪ ಕೆಳಗಿನಿಂದ ನೋಡುವಂತೆ ಇರಬೇಕು. ತುಂಬಾ ಮೇಲಿದ್ದರೆ ನೀವು ಸ್ಪೀಡೋಮೀಟರ್ ನೋಡಿದಾಗಲೆಲ್ಲ ರೆಪ್ಪೆ ಮುಚ್ಚಿದಂತೆ ಕಾಣುತ್ತದೆ. ಸ್ಟೇರಿಂಗಿನ ರಿಮ್ ಅಡ್ಡ ಬರಬಾರದು, ಏರ್‌ಬ್ಯಾಗ್ ತೆರೆಯುವ ಜಾಗದಲ್ಲಿ ಅಂಟಿಸಬಾರದು. ಒಂದೇ ಲಾರಿಯನ್ನು ಇಬ್ಬರು ಓಡಿಸುತ್ತಿದ್ದು, ಒಬ್ಬ ಎತ್ತರ ಇನ್ನೊಬ್ಬ ಗಿಡ್ಡ ಇದ್ದರೆ, ಇಬ್ಬರನ್ನೂ ಕೂರಿಸಿ ನೋಡಿಯೇ ಕೋನ ನಿಲ್ಲಿಸಬೇಕು.

ಕೋನ ಸರಿಪಡಿಸಿದ ಮೇಲೂ ಟವೆಲ್ ಬಿದ್ದರೆ ಸಮಸ್ಯೆ ಕ್ಯಾಮೆರಾದ್ದಲ್ಲ. ಕೆಳಗೆ ಮೀನು ಲಾರಿಯ ಪ್ರಶ್ನೆ ಓದಿ.

ಕಿವಿಗೆ ಸಿಕ್ಕಿಸಿಕೊಳ್ಳುವ ಸಣ್ಣ ಬಝರ್ ಸಿಗುತ್ತದಲ್ಲ, ಸಾಲದೇ?

ಸಾಲದು. ತಲೆ ಮುಂದಕ್ಕೆ ವಾಲಿದಾಗ ಅದು ಕೂಗುತ್ತದೆ. ತಲೆ ವಾಲುವಷ್ಟರಲ್ಲಿ ತಡವಾಗಿರುತ್ತದೆ. ಸೀಟಿಗೆ ತಲೆ ಒರಗಿಸಿಕೊಂಡೇ ನಿದ್ದೆ ಹೋಗುವವರಿಗಂತೂ ಕೂಗುವುದೇ ಇಲ್ಲ. ಕೈಗಡಿಯಾರದ ಹೃದಯ ಬಡಿತದ ಲೆಕ್ಕವನ್ನೂ ಇದಕ್ಕೆ ನೆಚ್ಚಿಕೊಳ್ಳಬೇಡಿ.

ಕೊಳ್ಳುವಾಗ ಏನು ನೋಡಬೇಕು?

ಮೊದಲು, ಇನ್‌ಫ್ರಾರೆಡ್ ಇರಲೇಬೇಕು. ಇಲ್ಲದ್ದು ಹಗಲಿಗೆ ಮಾತ್ರ. ಬರೀ ಡ್ಯಾಶ್‌ಕ್ಯಾಮನ್ನು ತೂಕಡಿಕೆ ಸಾಧನ ಎಂದು ಮಾರುವವರಿದ್ದಾರೆ, ಎಚ್ಚರ. ಎರಡನೆಯದು ಶಬ್ದ. ಹಳೇ ಲಾರಿಯ ಎಂಜಿನ್ ಸದ್ದು, ಮಳೆಯ ಸದ್ದು, ಮೇಲೆ ಹಾಡು. ಇಷ್ಟರ ನಡುವೆ ಕೇಳಿಸಬೇಕು. ಸೀಟಿನ ಕೆಳಗೆ ನಡುಗುವ ಮೋಟಾರ್ ಇದ್ದರೆ ಇನ್ನೂ ಒಳ್ಳೆಯದು. ಮೂರನೆಯದು, ಎಚ್ಚರಿಕೆ ಯಾವ ವೇಗದಿಂದ ಶುರುವಾಗಬೇಕು ಎಂದು ಬದಲಿಸಲು ಬರಬೇಕು. ಘಟ್ಟಕ್ಕೆ ಅದನ್ನು ತಗ್ಗಿಸಬೇಕಾಗುತ್ತದೆ.

ಕರಾವಳಿಯವರಿಗೆ ಇನ್ನೊಂದು ಇದೆ. ಉಪ್ಪು ಗಾಳಿ ಕನೆಕ್ಟರ್ ತಿನ್ನುತ್ತದೆ. ಮೀನಿನ ಲಾರಿಯಲ್ಲಿ ಐಸ್ ನೀರಿನ ತೇವವೂ ಸೇರುತ್ತದೆ. ವೈರನ್ನು ಬರೀ ಟೇಪ್ ಸುತ್ತಿ ಬಿಡಲು ಬಿಡಬೇಡಿ, ನೀರು ಹೋಗದ ಕನೆಕ್ಟರ್ ಹಾಕಿಸಿ, ಫ್ಯೂಸ್ ಮೂಲಕವೇ ಕರೆಂಟ್ ಕೊಡಿಸಿ. ಲೆನ್ಸಿನ ಮೇಲೆ ಕೂರುವ ಮಸುಕನ್ನು ಆಗಾಗ ಮೆತ್ತನೆ ಬಟ್ಟೆಯಲ್ಲಿ ಒರೆಸಿ. 'ಮೊದಲು ಚೆನ್ನಾಗಿತ್ತು, ಈಗ ಹಿಡಿಯಲ್ಲ' ಎನ್ನುವ ದೂರುಗಳಲ್ಲಿ ಹಲವು ಒರೆಸಿದರೆ ಸರಿಹೋಗುವಂಥವು.

ಘಟ್ಟದಲ್ಲಿ ನೆಟ್‌ವರ್ಕ್ ಇರಲ್ಲ. ಆಗ?

ಕೂಗಲು ನೆಟ್‌ವರ್ಕ್ ಬೇಡ. ಲೆಕ್ಕವೆಲ್ಲ ಸಾಧನದೊಳಗೇ ನಡೆಯುತ್ತದೆ. ಮಾಲೀಕರ ಮೊಬೈಲಿಗೆ ಮೆಸೇಜು, ವಿಡಿಯೋ ಹೋಗಲು ಮಾತ್ರ ನೆಟ್‌ವರ್ಕ್ ಬೇಕು. ಅದು ಯಲ್ಲಾಪುರಕ್ಕೋ ಬಾಳೆಗುಳಿಗೋ ಬಂದ ಮೇಲೆ ಹೋಗುತ್ತದೆ. ಮೊಬೈಲ್ ಸಿಗ್ನಲ್ ಇಲ್ಲದಿದ್ದರೆ ಅಲಾರಂ ಕೂಡ ಇಲ್ಲ ಎಂದು ಯಾರಾದರೂ ಹೇಳಿದರೆ ಆ ಸಾಧನ ನಮ್ಮ ಜಿಲ್ಲೆಗೆ ಆಗಿಬರುವುದಿಲ್ಲ.

ಮಾಲೀಕರು ಕೂತಲ್ಲಿಂದಲೇ ನನ್ನ ಮುಖ ನೋಡುತ್ತಾರಾ?

ಸಾಧನ ಯಾವುದು ಎನ್ನುವುದರ ಮೇಲೆ ಇದೆ. ಕಂಪನಿಯೇ ಕಾರಿನೊಳಗೆ ಕೊಡುವವು ಸಾಮಾನ್ಯವಾಗಿ ಮುಖ ನೋಡಿ, ಲೆಕ್ಕ ಹಾಕಿ, ಚಿತ್ರವನ್ನು ಬಿಟ್ಟುಬಿಡುತ್ತವೆ. ಯುರೋಪಿನ ಕಾನೂನು ಅದನ್ನೇ ಕೇಳುತ್ತದೆ: ಅಗತ್ಯಕ್ಕಿಂತ ಜಾಸ್ತಿ ಉಳಿಸಿಕೊಳ್ಳಬಾರದು, ಬೇರೆಯವರಿಗೆ ಕೊಡಬಾರದು. ಆದರೆ ಲಾರಿ, ಟ್ಯಾಕ್ಸಿಗೆ ಹೊರಗಿನಿಂದ ಹಾಕಿಸುವ ಹಲವು ಸಾಧನಗಳು ಪ್ರತಿ ಎಚ್ಚರಿಕೆಗೂ ಕೆಲವು ಸೆಕೆಂಡಿನ ವಿಡಿಯೋ ಕಳಿಸುತ್ತವೆ. ಕೆಲವದರಲ್ಲಿ ಬೇಕೆಂದಾಗ ಲೈವ್ ಕೂಡ ನೋಡಬಹುದು. ಮೈಕ್ ಇದೆಯಾ ಎಂದೂ ಕೇಳಿ.

ನಮ್ಮಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇದೆ. ಕಾನೂನು ಹಾಗಿರಲಿ, ಏನು ರೆಕಾರ್ಡ್ ಆಗುತ್ತದೆ, ಯಾರು ನೋಡುತ್ತಾರೆ, ಎಷ್ಟು ದಿನ ಇಡುತ್ತಾರೆ ಎಂದು ಚಾಲಕನಿಗೆ ಮೊದಲೇ ಹೇಳುವುದು ಮರ್ಯಾದೆ. ಹಾಲ್ಟ್ ಮಾಡಿ ಕ್ಯಾಬಿನ್‌ನಲ್ಲೇ ಮಲಗುವ ಲಾರಿಯವನಿಗೆ ಅದು ಮನೆ. ಮಲಗಿದಾಗ ಕ್ಯಾಮೆರಾ ಬಂದ್ ಇರಬೇಕು.

ಅಲಾರಂ ಬಂತು. ಮುಂದೇನು ಮಾಡಲಿ?

ನಿಲ್ಲಿಸಿ. ಕಿಟಕಿ ಇಳಿಸುವುದು, ಹಾಡಿನ ಸದ್ದು ಏರಿಸುವುದು, ಮುಖಕ್ಕೆ ನೀರು ಹೊಡೆದುಕೊಳ್ಳುವುದು, ಗುಟ್ಕಾ ಜಗಿಯುವುದು, ಇವೆಲ್ಲ ಕೆಲವೇ ನಿಮಿಷದ ಆಟ.

ನಿಜಕ್ಕೂ ಕೆಲಸ ಮಾಡುವುದು ನಿದ್ದೆ ಒಂದೇ. ಉದ್ದ ನಿದ್ದೆಗೆ ಪುರುಸೊತ್ತಿಲ್ಲ ಎಂದರೆ ಒಂದು ಕಾಫಿ ಕುಡಿದು, ತಕ್ಷಣ 15–20 ನಿಮಿಷ ಸೀಟು ಒರಗಿಸಿ ಮಲಗಿ. ಕೆಫೀನ್ ಕೆಲಸ ಶುರು ಮಾಡಲು ಸುಮಾರು 20–30 ನಿಮಿಷ ಬೇಕು, ನೀವು ಏಳುವ ಹೊತ್ತಿಗೆ ಅದು ಸಿದ್ಧವಾಗಿರುತ್ತದೆ. ಅದಕ್ಕಿಂತ ಜಾಸ್ತಿ, ಮುಕ್ಕಾಲು ಗಂಟೆ ಮಲಗಿದರೆ ಗಾಢ ನಿದ್ದೆಗೆ ಜಾರಿ, ಎದ್ದಾಗ ತಲೆ ಜೋಮು ಹಿಡಿದಂತಿರುತ್ತದೆ. ಎದ್ದ ಮೇಲೆ ಐದಾರು ನಿಮಿಷ ಓಡಾಡಿ, ಆಮೇಲೆ ಸ್ಟೇರಿಂಗ್ ಹಿಡಿಯಿರಿ. ಅರ್ಧ ಗಂಟೆಯಲ್ಲಿ ಮತ್ತೆ ಅಲಾರಂ ಬಂದರೆ ಆ ರಾತ್ರಿಯ ಓಡಾಟ ಮುಗಿಯಿತು ಎಂದೇ ಲೆಕ್ಕ.

ಅಂದ ಹಾಗೆ, ಶಿರಸಿ ಕಡೆಯವರು 'ಕಷಾಯ ಕುಡಿದು ಹೊರಟೆ' ಎನ್ನುತ್ತಾರೆ. ಕೊತ್ತಂಬರಿ, ಜೀರಿಗೆಯ ಕಷಾಯದಲ್ಲಿ ಕೆಫೀನೇ ಇಲ್ಲ. ಹೊಟ್ಟೆಗೆ ಒಳ್ಳೆಯದು. ಮೇಲೆ ಬಿಸಿ ಹಾಲು, ಬೆಲ್ಲ ಬೇರೆ, ನಿದ್ದೆ ಇನ್ನೂ ಚೆನ್ನಾಗಿ ಬರುತ್ತದೆ!

ಎಲ್ಲಿ ನಿಲ್ಲಿಸಬೇಕು? ಘಟ್ಟದಲ್ಲಿ ಜಾಗವೇ ಇಲ್ಲವಲ್ಲ.

ಹೌದು, ಇದಕ್ಕೇ ನಿಲ್ಲುವ ಜಾಗವನ್ನು ಹೊರಡುವ ಮೊದಲೇ ಗೊತ್ತು ಮಾಡಿಕೊಳ್ಳಬೇಕು. ತಿರುವಿನಲ್ಲಿ ಲೈಟ್ ಆರಿಸಿ ನಿಂತ ಲಾರಿ ಇನ್ನೊಬ್ಬರ ಪಾಲಿಗೆ ಯಮ. ಘಟ್ಟ ಹತ್ತುವ ಮೊದಲೇ ಕಣ್ಣು ಎಳೆಯುತ್ತಿದ್ದರೆ ಬುಡದ ಊರಿನಲ್ಲೇ ನಿಲ್ಲಿ. ಬೆಳಕು, ಜನ ಇರುವ ಪೆಟ್ರೋಲ್ ಬಂಕ್, ಹಟ್ಟಿಕೇರಿ ಮತ್ತು ಹೊಳೆಗದ್ದೆ ಟೋಲ್‌ಗಳ ಆಸುಪಾಸು, ಬಸ್ ಸ್ಟ್ಯಾಂಡ್ ಹತ್ತಿರ, ಇಂಥ ಕಡೆ.

ಮಳೆಗಾಲದಲ್ಲಿ ಗುಡ್ಡದ ಕಡೆ ಬೇಡವೇ ಬೇಡ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಜರಿದಾಗ ಹೆದ್ದಾರಿ ಬದಿಯ ಚಹಾದಂಗಡಿಯನ್ನೂ ಅಲ್ಲಿ ನಿಂತ ಗಾಡಿಗಳನ್ನೂ ಗಂಗಾವಳಿ ನದಿಗೆ ನೂಕಿತು. ಅಲ್ಲಿ ನಿಂತವರು ಚಾಲಕರು ಮಾಡಬೇಕಾದ್ದನ್ನೇ ಮಾಡಿದ್ದರು. ಸುರಕ್ಷಿತವಾಗಿ ನಿಲ್ಲಿಸಲು ಜಾಗ ಕೊಡದೆ 'ನಿದ್ದೆ ಬಂದರೆ ನಿಲ್ಲಿಸಿ' ಎಂದು ಬೋರ್ಡ್ ಹಾಕಿದರೆ ಏನು ಪ್ರಯೋಜನ? ಈ ಹೆದ್ದಾರಿಗೆ ಗುಡ್ಡದಿಂದ ದೂರ, ದೀಪ ಮತ್ತು ಶೌಚಾಲಯ ಇರುವ ಲಾರಿ ತಂಗುದಾಣಗಳು ಕ್ಯಾಮೆರಾಕ್ಕಿಂತ ಮೊದಲು ಬೇಕು.

ಮಧ್ಯಾಹ್ನವೂ ಅಲಾರಂ ಬರುತ್ತೆ. ಕೆಟ್ಟಿದೆಯಾ?

ಕೆಟ್ಟಿಲ್ಲ. ಮಧ್ಯಾಹ್ನ ಎರಡರಿಂದ ನಾಲ್ಕರ ನಡುವೆಯೂ ದೇಹ ಒಮ್ಮೆ ಇಳಿಯುತ್ತದೆ. ಊಟ ಮಾಡದಿದ್ದರೂ ಇಳಿಯುತ್ತದೆ, ಮಾಡಿದರೆ ಜಾಸ್ತಿ. ಅಪ್ಪೆಹುಳಿ ಸುರಿದುಕೊಂಡು ಉಂಡ ಮೇಲೆ ಏನಾಗುತ್ತದೆ ಎಂದು ಶಿರಸಿ, ಸಿದ್ದಾಪುರದವರಿಗೆ ಯಾವ ಕ್ಯಾಮೆರಾವೂ ಹೇಳಬೇಕಾಗಿಲ್ಲ. ಮದುವೆ ಮನೆಯಲ್ಲಿ ಊಟ ಮುಗಿಸಿ ತಕ್ಷಣ ಕಾರು ಹತ್ತುವ ಬದಲು ಜಗಲಿಯ ಮೇಲೆ ಅರ್ಧ ಗಂಟೆ ಅಡ್ಡಾದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಯಕ್ಷಗಾನದ ಆಟ ನೋಡಿ ಬೆಳಗಿನ ಜಾವ ಮನೆಗೆ ಹೊರಡುತ್ತೇವೆ. ಕುಡಿದಿಲ್ಲ, ಏನೂ ಇಲ್ಲ. ಅಪಾಯವೇ?

ಅಪಾಯವೇ. ಬೆಳಿಗ್ಗೆ ಆರಕ್ಕೆ ಎದ್ದವರು ರಾತ್ರಿ ಹನ್ನೊಂದಕ್ಕೆ 17 ಗಂಟೆ ಎಚ್ಚರ ಇದ್ದಂತಾಯಿತು. ಅಷ್ಟು ಹೊತ್ತು ಎಚ್ಚರವಿದ್ದವರ ಕೈ, ಕಣ್ಣಿನ ಚುರುಕು ರಕ್ತದಲ್ಲಿ 0.05 ಪರ್ಸೆಂಟ್ ಮದ್ಯ ಇದ್ದವರ ಮಟ್ಟಕ್ಕೆ ಇಳಿಯುತ್ತದೆ ಎಂದು 1997ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನ ತೋರಿಸಿತು. 24 ಗಂಟೆಗೆ ಅದು 0.10ರ ಹತ್ತಿರ ಹೋಗುತ್ತದೆ. ನಮ್ಮ ಕಾನೂನಿನ ಮಿತಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ, ಅಂದರೆ 0.03. ರಾತ್ರಿಯಿಡೀ ಆಟ ನೋಡಿ ಮಂಗಳ ಹಾಡಿದ ಮೇಲೆ ಸ್ಟೇರಿಂಗ್ ಹಿಡಿಯುವವರು ಕುಡಿಯದೆಯೇ ಆ ಮಿತಿಯ ಮೂರು ಪಟ್ಟಿನ ಸ್ಥಿತಿಯಲ್ಲಿ ಇರುತ್ತಾರೆ. ಪೊಲೀಸರ ಊದುವ ಯಂತ್ರ ಮಾತ್ರ ಏನೂ ತೋರಿಸುವುದಿಲ್ಲ.

ಒಬ್ಬರಾದರೂ ನಡುವೆ ಮಲಗಿದವರಿದ್ದರೆ ಅವರ ಕೈಗೆ ಕೀಲಿ ಕೊಡಿ. ಇಲ್ಲದಿದ್ದರೆ ಬೆಳಕು ಹರಿದು ಒಂದು ನಿದ್ದೆ ಆಗುವವರೆಗೆ ಅಲ್ಲೇ ಇರಿ.

ನಮ್ಮದು ಮೀನು ಲಾರಿ. ಐಸ್ ಕರಗುತ್ತದೆ, ಮಾರ್ಕೆಟ್ ಟೈಮ್ ತಪ್ಪುತ್ತದೆ. ಕ್ಯಾಮೆರಾ ಕೂಗಿತು ಅಂತ ನಿಲ್ಲಿಸೋಕಾಗುತ್ತಾ?

ನನಗೆ ಅತಿ ಮುಖ್ಯ ಅನಿಸುವ ಪ್ರಶ್ನೆ ಇದು. ಇದನ್ನು ಚಾಲಕರಿಗಿಂತ ಮಾಲೀಕರು ಓದಬೇಕು.

ಬೈತಖೋಲ ಬಂದರಿನಿಂದಲೋ ತದಡಿ ಬಂದರಿನಿಂದಲೋ ಹೊರಟ ಲೋಡಿಗೆ ಒಂದು ಗಡುವು ಇರುತ್ತದೆ. ತಡವಾದರೆ ದರ ಬೀಳುತ್ತದೆ, ಬೈಗುಳ ಚಾಲಕನಿಗೆ. ಟ್ರಿಪ್ಪಿನ ಲೆಕ್ಕದಲ್ಲಿ ಸಂಬಳ ಇದ್ದರೆ ನಿಂತ ಹೊತ್ತೆಲ್ಲ ಅವನ ಜೇಬಿನಿಂದ. ಅಂಥವನ ಮುಖದ ಮುಂದೆ ಕ್ಯಾಮೆರಾ ಇಟ್ಟು 'ನಿಲ್ಲಿಸು' ಎಂದು ಕೂಗಿಸಿದರೆ ಅವನು ನಿಲ್ಲಿಸುವುದಿಲ್ಲ, ಟವೆಲ್ ಹಾಕುತ್ತಾನೆ. ಅವನ ಜಾಗದಲ್ಲಿ ಯಾರಿದ್ದರೂ ಅದನ್ನೇ ಮಾಡುತ್ತಾರೆ. ಅವನಿಗೆ ನಿದ್ದೆ ಬರುತ್ತಿದೆ ಎನ್ನುವುದು ಯಂತ್ರ ಹೇಳುವ ಮೊದಲೇ ಅವನಿಗೆ ಗೊತ್ತು. ಅವನಿಗೆ ಬೇಕಾಗಿರುವುದು ಅನುಮತಿ.

ಹಾಗಾಗಿ ಕ್ಯಾಮೆರಾ ಹಾಕಿಸುವ ದಿನವೇ ಚಾಲಕನ ಎದುರು ಒಂದು ಮಾತು ಆಗಲಿ: ಅಲಾರಂ ಬಂದು ನಿಲ್ಲಿಸಿದರೆ ದುಡ್ಡು ಕಡಿಯುವುದಿಲ್ಲ, ಬೈಯುವುದಿಲ್ಲ, ಫೋನ್ ಮಾಡಿ 'ಎಲ್ಲಿದ್ದೀಯಾ' ಎಂದು ಪೀಡಿಸುವುದಿಲ್ಲ. ಟ್ರಿಪ್ಪಿನ ಲೆಕ್ಕದಲ್ಲೇ ಅರ್ಧ ಗಂಟೆಯ ಎರಡು ನಿಲುಗಡೆ ಸೇರಿಸಿ. ಸರಿಯಾಗಿ ಐಸ್ ತುಂಬಿದ, ಶಾಖ ತಡೆಯುವ ಪೆಟ್ಟಿಗೆಯಲ್ಲಿ 20 ನಿಮಿಷಕ್ಕೆ ಮೀನು ಹಾಳಾಗುವುದಿಲ್ಲ. ಹಾಳಾಗುತ್ತದೆ ಎಂದರೆ ಮೊದಲು ಪೆಟ್ಟಿಗೆ ಸರಿಮಾಡಿಸಿ. ವಾರದ ಕೊನೆಗೆ ಎಚ್ಚರಿಕೆಗಳ ಪಟ್ಟಿ ತೆಗೆದು ಯಾವ ಚಾಲಕನದ್ದು ಜಾಸ್ತಿ ಎಂದು ನೋಡುವ ಬದಲು ಯಾವ ರೂಟು, ಯಾವ ಹೊತ್ತು ಎಂದು ನೋಡಿ. ಒಂದೇ ಟ್ರಿಪ್ಪಿನಲ್ಲಿ ಎಲ್ಲರಿಗೂ ಕೂಗುತ್ತಿದ್ದರೆ ತಪ್ಪು ಟೈಮ್‌ಟೇಬಲ್ಲಿನದ್ದು.

ಈ ಮಾತು ಕೊಡಲು ಆಗದಿದ್ದರೆ ಕ್ಯಾಮೆರಾ ಹಾಕಿಸಬೇಡಿ. ದುಡ್ಡು ದಂಡ.

ಕಾನೂನು ಏನು ಹೇಳುತ್ತದೆ?

ಯುರೋಪ್ ಒಕ್ಕೂಟದಲ್ಲಿ 2022ರ ಜುಲೈಯಿಂದ ಹೊಸ ಮಾದರಿಗಳಿಗೆ, 2024ರ ಜುಲೈಯಿಂದ ಮಾರಾಟವಾಗುವ ಎಲ್ಲ ಹೊಸ ಗಾಡಿಗಳಿಗೆ ತೂಕಡಿಕೆ ಎಚ್ಚರಿಕೆ ಕಡ್ಡಾಯ. ಅಲ್ಲಿ ನಿದ್ದೆಯನ್ನು 1ರಿಂದ 9ರವರೆಗೆ ಅಳೆಯುವ ಸ್ವೀಡನ್ನಿನ ಮಾಪನ ಬಳಸುತ್ತಾರೆ. 1 ಎಂದರೆ ಪೂರ್ತಿ ಚುರುಕು, 9 ಎಂದರೆ ನಿದ್ದೆಯ ಜೊತೆ ಗುದ್ದಾಟ. 8ಕ್ಕೆ ಬಂದಾಗ ಗಾಡಿ ಎಚ್ಚರಿಸಲೇಬೇಕು.

ನಮ್ಮಲ್ಲಿ ಬಸ್ಸು, ಲಾರಿಗಳ ಇಂಥ ಸಾಧನಕ್ಕೆ ಎಐಎಸ್-184 ಎಂಬ ಮಾನದಂಡ ಇದೆ. ದೊಡ್ಡ ಬಸ್ಸು, ಲಾರಿಗಳ ಹೊಸ ಮಾದರಿಗಳಿಗೆ ಇದನ್ನು ಕಡ್ಡಾಯ ಮಾಡುವ ಕರಡನ್ನು ಕೇಂದ್ರ ಸಾರಿಗೆ ಸಚಿವಾಲಯ 2025ರಲ್ಲಿ ಹೊರಡಿಸಿತು. ಅದು ಹೊಸ ಗಾಡಿಗಳ ಮಾತು. ನಮ್ಮ ರಸ್ತೆಯಲ್ಲಿ ಓಡುವ ಹಳೇ ಲಾರಿಗೆ ಹಾಕಿಸುವುದು ಮಾಲೀಕರ ಮನಸ್ಸಿಗೆ ಬಿಟ್ಟದ್ದು. ಹೊಸದಾಗಿ ತಯಾರಾಗುವ ಮಧ್ಯಮ, ಭಾರಿ ಲಾರಿಗಳಿಗೆ 2025ರಲ್ಲಿ ಎಸಿ ಕ್ಯಾಬಿನ್ ಕಡ್ಡಾಯವಾಯಿತು. ಏಪ್ರಿಲ್ ಸೆಕೆಯಲ್ಲಿ ಭಟ್ಕಳದಿಂದ ಕಾರವಾರಕ್ಕೆ ಬಂದವರಿಗೆ ಇದರ ಬೆಲೆ ಗೊತ್ತು.

ಕೆಲಸದ ಗಂಟೆಯ ಮಾತು ಹಳೆಯದು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯೇ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ, ಐದು ಗಂಟೆಗೊಮ್ಮೆ ಕನಿಷ್ಠ ಅರ್ಧ ಗಂಟೆ ವಿಶ್ರಾಂತಿ ಎಂದು ಹೇಳಿತ್ತು. ಖಾಸಗಿ ಲಾರಿಗಳಲ್ಲಿ ಅದನ್ನು ಪಾಲಿಸಿದ್ದು ಯಾರು ನೋಡಿದ್ದಾರೆ?

ರೈಲಿನ ಚಾಲಕರಿಗೂ ಹೀಗೇ ಏನೋ ಇದೆಯಂತೆ?

ಇದೆ. ಎಂಜಿನ್ನಿನಲ್ಲಿ 'ವಿಜಿಲೆನ್ಸ್ ಕಂಟ್ರೋಲ್' ಸಾಧನ ಇರುತ್ತದೆ. ಸುಮಾರು 60 ಸೆಕೆಂಡ್ ಚಾಲಕ ಏನನ್ನೂ ಮುಟ್ಟದಿದ್ದರೆ ದೀಪ ಮಿನುಗುತ್ತದೆ, ಆಮೇಲೆ ಬಝರ್, ಆಗಲೂ ಗುಂಡಿ ಒತ್ತದಿದ್ದರೆ ಬ್ರೇಕ್ ಬೀಳುತ್ತದೆ. ಹಳಿಯ ಮೇಲೆ ಅದು ಸಾಧ್ಯ. ಘಟ್ಟದ ತಿರುವಿನಲ್ಲಿ ಲಾರಿ ತಾನಾಗಿ ಬ್ರೇಕ್ ಹಾಕಿ ನಿಂತರೆ ಹಿಂದಿನವನ ಗತಿ?

ಕೊಂಕಣ ರೈಲ್ವೆಯಲ್ಲಿ ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು ಒಂದಿದೆ. ಲಾರಿಗಳನ್ನೇ ರೈಲಿನ ಮೇಲೆ ಹತ್ತಿಸುವ ರೋ-ರೋ ಸೇವೆ, 1999ರಲ್ಲಿ ಶುರುವಾದದ್ದು. ಮಹಾರಾಷ್ಟ್ರದ ಕೋಲಾಡ್‌ನಿಂದ ನಮ್ಮ ಸುರತ್ಕಲ್‌ವರೆಗೆ ಲೋಡ್ ಸಮೇತ ಲಾರಿ ಬರುತ್ತದೆ, ಇಡೀ ಉತ್ತರ ಕನ್ನಡ ದಾಟುವಾಗ ಚಾಲಕ ಕ್ಯಾಬಿನ್‌ನಲ್ಲಿ ಕಾಲು ಚಾಚಿ ಮಲಗಿರುತ್ತಾನೆ. ತೂಕಡಿಕೆಗೆ ಇದಕ್ಕಿಂತ ಒಳ್ಳೆ ತಂತ್ರಜ್ಞಾನ ನಾನು ಕಂಡಿಲ್ಲ.

ಬೈಕಿಗೆ ಹಾಕಬಹುದಾ?

ನೆಚ್ಚಿಕೊಳ್ಳುವಂಥದ್ದು ಇಲ್ಲ. ಬೈಕಿನಲ್ಲಿ ನಿದ್ದೆ ಬಂದರೆ ಎಚ್ಚರಿಸುವಷ್ಟು ಸಮಯವೂ ಇರುವುದಿಲ್ಲ.

ಚೆನ್ನಾಗಿ ಮಲಗಿದರೂ ದಿನಾ ಅಲಾರಂ ಬರುತ್ತದೆ.

ಎರಡು ವಿಷಯ ನೋಡಿ. ನೆಗಡಿ, ಅಲರ್ಜಿಗೆ ಸಿಟ್ರಿಜಿನ್, ಕ್ಲೋರ್‌ಫೆನಿರಮಿನ್ ಇರುವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ? ಅವು ಮಂಪರು ತರುತ್ತವೆ. ಎರಡನೆಯದು ಗೊರಕೆ. ಜೋರು ಗೊರಕೆ, ನಡುವೆ ಉಸಿರು ಕಟ್ಟುವುದು, ಬೆಳಿಗ್ಗೆ ತಲೆನೋವು ಇದ್ದರೆ ಅದು ಸ್ಲೀಪ್ ಅಪ್ನಿಯಾ ಇರಬಹುದು. ಎಂಟು ಗಂಟೆ ಮಲಗಿದರೂ ನಿದ್ದೆ ಆಗಿರುವುದಿಲ್ಲ. ಪಕ್ಕದಲ್ಲಿ ಮಲಗುವವರನ್ನು ಕೇಳಿ, ಡಾಕ್ಟರ್ ಹತ್ತಿರ ಹೋಗಿ. ಅದಕ್ಕೆ ಚಿಕಿತ್ಸೆ ಇದೆ.

ಹಾಕಿಸಿದ ಮೇಲೆ ಸರಿಯಾಗಿದೆಯಾ ಎಂದು ಹೇಗೆ ಪರೀಕ್ಷಿಸುವುದು?

ಓಡುವ ಗಾಡಿಯಲ್ಲಿ ಕಣ್ಣು ಮುಚ್ಚಿ ನೋಡಬೇಡಿ. ಹೇಳಬೇಕಾಗಿಲ್ಲ ಅನಿಸಬಹುದು, ಆದರೆ ಮಾಡುವವರಿದ್ದಾರೆ. ಗಾಡಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಎಚ್ಚರಿಕೆ ಶುರುವಾಗುವ ವೇಗವನ್ನು ಹಾಕಿಸಿಕೊಟ್ಟವರಿಂದಲೇ ಸೊನ್ನೆಗೆ ಇಳಿಸಿ. ಕತ್ತಲಾದ ಮೇಲೆ, ನೀವು ದಿನಾ ಕೂರುವ ಭಂಗಿಯಲ್ಲಿ, ದಿನಾ ಹಾಕುವ ಕನ್ನಡಕದಲ್ಲಿ ಕೂತು ಮೂರ್ನಾಲ್ಕು ಸೆಕೆಂಡ್ ಕಣ್ಣು ಮುಚ್ಚಿ. ಕೂಗಬೇಕು. ಸುಮ್ನೆ ಹತ್ತು ಸಲ ಮಿಟುಕಿಸಿ. ಕೂಗಬಾರದು. ಎರಡೂ ಕನ್ನಡಿಗಳ ಕಡೆ ನೋಡಿ, ಆಗಲೂ ಕೂಗಬಾರದು. ಎಂಜಿನ್ ಚಾಲೂ ಮಾಡಿ, ಹಾಡು ಹಾಕಿ, ಇದನ್ನೇ ಇನ್ನೊಮ್ಮೆ ಮಾಡಿ. ಎಲ್ಲ ಸರಿ ಇದ್ದರೆ ವೇಗದ ಸೆಟ್ಟಿಂಗನ್ನು ಮರೆಯದೆ ಮೊದಲಿನ ಹಾಗೆ ಮಾಡಿಸಿ, ಇಲ್ಲದಿದ್ದರೆ ಸಿಗ್ನಲ್ಲಿನಲ್ಲಿ ನಿಂತು ಆಕಳಿಸಿದರೂ ಬೊಬ್ಬೆ ಹೊಡೆಯುತ್ತದೆ.